ಹುಸಿ ವಾಪಸಾತಿ

ರಸ್ತೆ ತಪ್ಪಿಗೆ ನೋಟಿಸು ಬಂದರೆ ಬೈಯದ ಮನುಷ್ಯರಿಲ್ಲ. ಅಂಥ ನೋಟಿಸು ಓದಿ, ಅಡುಗೆಮನೆಯಲ್ಲಿ ನಿಂತಲ್ಲೇ ಕಣ್ಣೊರೆಸಿಕೊಂಡು, ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದರೂ ನಗುತ್ತ ನಿಂತವಳು ಇಡೀ ಮೈಸೂರಿಗೆ ನಾನೊಬ್ಬಳೇ ಇರಬೇಕು.

ನೋಟಿಸಿನಲ್ಲಿ ಇದ್ದದ್ದು ಇಷ್ಟು. ಹೊರಟ ಸ್ಥಳ: ಸರಸ್ವತೀಪುರಂ. ಮುಟ್ಟಿದ ಸ್ಥಳ: ನಂಜನಗೂಡು. ಹೊರಡುವಾಗ ಆಡಿದ ಮಾತು: ‘ಹೋಗಿ ಬರ್ತೀನಿ.’ ಆಡಿದವರು: ನಂಜರಾಜ. ವಾಪಸು ಬರುವ ಸಂಕಲ್ಪ: ಇದೆ. ವಾಪಸು ಬಂದದ್ದು: ಇಲ್ಲ. ತಪ್ಪು: ಹುಸಿ ವಾಪಸಾತಿ. ಈ ಗಾಡಿಗೆ ಇದು ಮೂರನೆಯ ನೋಟಿಸಾದ್ದರಿಂದ ತಕರಾರಿನ ಗಡುವು ಮುಗಿದ ಮೇಲೆ ಒಂದು ವರ್ಷ ಅದು ರಸ್ತೆಗೆ ಇಳಿಯುವಂತಿಲ್ಲ. ತಕರಾರಿದ್ದರೆ ಗಾಡಿಯ ಯಜಮಾನರಾಗಲಿ ಮಾತು ಆಡಿದವರಾಗಲಿ ಹದಿನೈದು ದಿನದೊಳಗೆ ಬಂದು ಹೇಳಬಹುದು.

ನಾನು ಓದಿದ್ದು ಒಂದೇ ಸಾಲು. ಸಂಕಲ್ಪ: ಇದೆ. ನಂಜರಾಜ ನನ್ನ ಗಂಡ. ಹಿಂದಿನ ದಿನ ಬೆಳಿಗ್ಗೆ ನನ್ನ ಮುಖ ನೋಡದೆ ಗೇಟಿನ ಹತ್ತಿರ ನಿಂತು ‘ಹೋಗಿ ಬರ್ತೀನಿ’ ಅಂದು ಹೋದವರು ರಾತ್ರಿ ಬಂದಿರಲಿಲ್ಲ. ಅದು ಬರುವವರ ಮಾತೋ, ಬಾರದವರ ಮಾತೋ ಅಂತ ಇಡೀ ಇರುಳು ತಲೆ ಕೆಡಿಸಿಕೊಂಡಿದ್ದೆ. ಬೆಳಗಾದರೆ ಸರ್ಕಾರವೇ ಬರೆದು ಕಳಿಸಿದೆ, ಬರುವ ಮನಸ್ಸಿತ್ತು ಅಂತ! ದೇವರು ಯಾವ ರೂಪದಲ್ಲಿ ಬರುತ್ತಾನೆ ಹೇಳಲಾಗದು. ನನಗಂತೂ ದಂಡದ ರೂಪದಲ್ಲಿ ಬಂದ.

ಈ ‘ಸಂಕಲ್ಪ’ ಏನು ಅಂತ ನಿಮಗೆ ಹೇಳಬೇಕು. ಹೇಳುವ ಅಧಿಕಾರ ನನಗಿದೆ, ಯಾಕೆಂದರೆ ನಾನು ಅದೇ ಅನ್ನ ತಿನ್ನುವವಳು. ರಸ್ತೆಯಲ್ಲಿ ಜಾಗವೇ ಇಲ್ಲದಂತಾದಾಗ ನಮ್ಮ ಊರಿಗೆ ದಾರಿ ಮಂಡಳಿ ಬಂತು. ರೈಲಿಗೆ ಸೀಟು ಕಾಯ್ದಿರಿಸುತ್ತೇವಲ್ಲ, ಹಾಗೆ ರಸ್ತೆಗೂ. ಗಾಡಿ ಹೊರಡುವ ಮುಂಚೆ ಎಲ್ಲಿಗೆ ಅಂತ ಬಾಯಿಬಿಟ್ಟು ಹೇಳಬೇಕು. ಗಾಡಿಯೊಳಗಿನ ಕಿವಿ ಅದನ್ನು ಕೇಳಿ, ನಿಮ್ಮ ಗಾಡಿಗೆ ಬೇಕಾದ ಜಾಗವನ್ನು ಆ ಹೊತ್ತಿಗೆ ಆ ರಸ್ತೆಯಲ್ಲಿ ಎತ್ತಿಡುತ್ತದೆ. ಜಾಗ ಸಿಕ್ಕಿದರೆ ‘ದಾರಿ ಇದೆ’ ಅನ್ನುತ್ತದೆ. ಆಮೇಲೆ ಸಿಗ್ನಲ್ಲು ಗಿಗ್ನಲ್ಲು ಏನೂ ಇಲ್ಲ, ನೀರು ಹರಿದಂತೆ ಹೋಗಬಹುದು. ವಾಪಸು ಬರುತ್ತೇನೆ ಅಂದರೆ ಬರುವ ದಾರಿಯಲ್ಲೂ ನಡುರಾತ್ರಿಯವರೆಗೆ ಜಾಗ ಇಟ್ಟಿರುತ್ತದೆ. ಬಾರದೆ ಹೋದರೆ ಆ ಜಾಗ ವ್ಯರ್ಥ. ಇನ್ನೊಬ್ಬರ ಆಂಬುಲೆನ್ಸೇ ಅಲ್ಲಿ ಓಡಬಹುದಿತ್ತು. ಅದಕ್ಕೇ ಹುಸಿ ವಾಪಸಾತಿಗೆ ನೋಟಿಸು.

ಕೇಳಲು ಚೆನ್ನಾಗಿದೆ. ಆದರೆ ಇದನ್ನು ಕಟ್ಟಿದವರಿಗೆ ಕನ್ನಡದವರ ಬಾಯಿ ಗೊತ್ತಿರಲಿಲ್ಲ. ನಾವು ‘ಹೋಗ್ತೀನಿ’ ಅನ್ನುವ ಜನವೇ ಅಲ್ಲವಲ್ಲ. ಚಿಕ್ಕಂದಿನಲ್ಲಿ ನಾನು ಬಾಯಿತಪ್ಪಿ ‘ಹೋಗ್ತೀನಮ್ಮ’ ಅಂದರೆ ಅಮ್ಮ ತುಟಿಯ ಮೇಲೆ ಪಟ್ಟನೆ ಹೊಡೆದು, “ಬಿಡ್ತು ಅನ್ನು! ಹೋಗಿ ಬರ್ತೀನಿ ಅನ್ನೇ!” ಅನ್ನುತ್ತಿದ್ದಳು. ಮನೆ ಮಾರಿ ಗಂಟುಮೂಟೆ ಕಟ್ಟಿಕೊಂಡು ಹೊರಟವನೂ ಪಕ್ಕದ ಮನೆಯವರಿಗೆ ಹೋಗಿ ಬರ್ತೀನಿ ಅಂತಲೇ ಹೇಳುವುದು. ಮಂಡಳಿ ಶುರುವಾದ ಮೊದಲ ವಾರ ಮೈಸೂರಿನ ಅರ್ಧ ಜನಕ್ಕೆ ನೋಟಿಸು ಹೋಯಿತು. ಆಗ ಕಿವಿಗೆ ಕನ್ನಡ ಕಲಿಸಲು ನನ್ನಂಥವರನ್ನು ತೆಗೆದುಕೊಂಡರು. ನಮ್ಮ ವಿಭಾಗಕ್ಕೆ ‘ಕಿವಿಮನೆ’ ಅಂತಲೇ ಹೆಸರು.

ಕಿವಿಮನೆಯಲ್ಲಿ ನಾವು ನಕ್ಕಷ್ಟು ಇನ್ಯಾವ ಆಫೀಸಿನಲ್ಲೂ ನಕ್ಕಿರಲಿಕ್ಕಿಲ್ಲ. ಬಚ್ಚಲಿನಲ್ಲಿ ಸೋಪು ಹಚ್ಚಿಕೊಳ್ಳುತ್ತ ‘ಇಗೋ ಬಂದೆ, ಬಂದೇಬಿಟ್ಟೆ’ ಅನ್ನುವ ಜನ ನಾವು. ಬಾಗಿಲ ಮುಂದೆ ನಿಂತ ಗಾಡಿಯ ಕಿವಿ ಅದನ್ನು ನಂಬಿ, ಬಂದಾಯಿತಲ್ಲ ಅಂತ ಎತ್ತಿಟ್ಟ ಜಾಗ ಬಿಟ್ಟುಕೊಡುತ್ತಿತ್ತು. ಒಂದು ಸಲ ಗಾಡಿಯ ಹಿಂದಿನ ಸೀಟಿನಲ್ಲಿ ಕೂತ ಮಗು “ಅಜ್ಜಿ, ಆಕ್ಸಿಡೆಂಟ್ ಆದ್ರೆ ಏನ್ಮಾಡೋದು?” ಅಂತ ಕೇಳಿತು. ಕಿವಿ ತಕ್ಷಣ ಆಂಬುಲೆನ್ಸ್ ಕಳಿಸಿತು. ಅಜ್ಜಿ ಪಾಪ “ಬಿಡ್ತು ಅನ್ನು, ಬಿಡ್ತು ಅನ್ನು” ಅಂತ ಬಡಕೊಳ್ಳುತ್ತಲೇ ಇದ್ದರು. ಅದಾದ ಮೇಲೆ ನಾನೇ ಒಂದು ನಿಯಮ ಸೇರಿಸಿದೆ. ಯಾವುದೇ ವಾಕ್ಯದ ಬೆನ್ನಿಗೆ ‘ಬಿಡ್ತು’ ಬಂದರೆ ಆ ವಾಕ್ಯವನ್ನು ಆಡಲೇ ಇಲ್ಲ ಅಂತ ತಿಳಿಯತಕ್ಕದ್ದು. ಕೆಟ್ಟ ಮಾತನ್ನು ಅಳಿಸಲು ನಮ್ಮ ಹಿರಿಯರು ಮಾಡಿಟ್ಟ ರಬ್ಬರು ಅದು. ಆವತ್ತು ನನಗೆ ನನ್ನ ಜಾಣತನದ ಮೇಲೆ ಬಹಳ ಹೆಮ್ಮೆಯಾಗಿತ್ತು.

ಹೋಗಿ ಬರ್ತೀನಿ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಮಾತು ಒಂದೇ, ಮನಸ್ಸು ಎರಡು. ಕೊನೆಗೆ ಪದ ಬಿಟ್ಟು ದನಿ ಹಿಡಿದೆವು. ನಿಜವಾಗಿ ತಿರುಗಿ ಬರುವವನು ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿರುತ್ತಾನೆ, ‘ಬರ್ತೀನಿ’ಯ ಕೊನೆ ಅರ್ಧ ನುಂಗಿಹೋಗಿರುತ್ತದೆ. ಬಾರದವನು ಪೂರ್ತಿ ಹೇಳುತ್ತಾನೆ, ಹೇಳಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ. ಮಾತಿನ ಮುಂಚಿನ ಉಸಿರು, ದನಿಯ ಇಳಿತ, ಆಮೇಲಿನ ಮೌನ ಇವೆಲ್ಲ ಸೇರಿಸಿ ಅಳೆದರೆ ಸಂಕಲ್ಪ ಇದೆಯೋ ಇಲ್ಲವೋ ತಿಳಿಯುತ್ತದೆ. ಸಂಕಲ್ಪ ಇದ್ದರೆ ಮಾತ್ರ ಕಿವಿ ವಾಪಸಿನ ಜಾಗ ಇಡುತ್ತದೆ. ಅಂದರೆ ಬರುವ ಮನಸ್ಸಿಲ್ಲದವನಿಗೆ ನೋಟಿಸು ಬರುವುದೇ ಇಲ್ಲ. ಈಗ ತಿಳಿಯಿತಲ್ಲ, ನಾನು ಒಗ್ಗರಣೆ ಸೀಯಿಸಿಕೊಂಡು ಯಾಕೆ ನಕ್ಕೆ ಅಂತ.

ಜಗಳದ ವಿಷಯಕ್ಕೆ ಬರೋಣ. ನಮ್ಮೆಜಮಾನರು ಹಾರ್ಮೋನಿಯಂ ರಿಪೇರಿ ಮಾಡುವವರು. ಅವರ ಕೈಗೆ ಬಂದ ಪೆಟ್ಟಿಗೆಯ ಸ್ವರ ಕೇಳಿದರೆ ಸತ್ತವರೂ ತಾಳ ಹಾಕಬೇಕು. ಆದರೆ ಹೊತ್ತಿನ ಲೆಕ್ಕ ಅವರಿಗೆ ಯಾವತ್ತೂ ಹತ್ತಿಲ್ಲ. ಇಲ್ಲೇ ಶ್ರೀರಂಗಪಟ್ಟಣಕ್ಕೆ ಹೋಗಿ ಬರ್ತೀನಿ ಅಂದು, ಅಲ್ಲಿನ ಭಜನೆಯಲ್ಲಿ ಕೂತು, ಬೆಳಗಾದ ಮೇಲೆ ಎದ್ದು ಬರುವ ಪೈಕಿ. ಮೊದಲ ಎರಡು ನೋಟಿಸು ಬಂದದ್ದು ಹಾಗೆಯೇ. ಗಾಡಿ ನನ್ನ ಹೆಸರಿನಲ್ಲಿದೆ, ಕೆಲಸ ಮಂಡಳಿಯಲ್ಲಿದೆ. ಆಫೀಸಿನಲ್ಲಿ ನನ್ನ ಮಾನ ಏನಾಗಿರಬೇಡ?

ನಂಜನಗೂಡಿನಲ್ಲಿರುವ ಅತ್ತಿಗೆ, ಅಂದರೆ ಇವರ ಅಕ್ಕ ಸುಂದ್ರಮ್ಮ, ಮೊಮ್ಮಗಳ ನಾಮಕರಣ ಇಟ್ಟುಕೊಂಡಿದ್ದರು. ಊಟದ ಪಂಕ್ತಿಯಲ್ಲಿ ಭಜನೆ ಮಂಡಳಿಯ ಹಿರಿಯರೊಬ್ಬರಿಗೆ ಇವರು, “ಭಾನುವಾರಕ್ಕೆ ನಿಮ್ಮ ಪೆಟ್ಟಿಗೆ ರೆಡಿ. ಮಾತು ಅಂದ್ರೆ ಮಾತು,” ಅಂದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! “ಇವರ ಮಾತು ನಂಬ್ಬೇಡಿ ಯಜಮಾನ್ರೇ, ನಮ್ಮಾಫೀಸಿನ ಮಿಷಿನ್ನೇ ಎರಡು ಸಲ ನಂಬಿ ಮೋಸ ಹೋಗಿದೆ,” ಅಂದೆ. ಪಂಕ್ತಿ ಪಂಕ್ತಿಯೇ ನಕ್ಕಿತು. ಸಾರು ಬಡಿಸುತ್ತಿದ್ದ ಹುಡುಗಿಯೂ ನಕ್ಕಳು. ಇವರು ನಗಲಿಲ್ಲ. “ಇಲ್ಲಿಗೆ ಸ್ವಲ್ಪ ಸಾರು,” ಅಂದರು ಅಷ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ಮಾತಿಲ್ಲ. ಮಾರನೆಯ ಬೆಳಿಗ್ಗೆ ಸಾಮಾನಿನ ಚೀಲ ಗಾಡಿಗಿಟ್ಟು, ಗೇಟಿನ ಹತ್ತಿರ ಆ ಎರಡು ಪದ ಅಂದು ಹೊರಟರು. ಹದಿನಾರು ವರ್ಷದಿಂದ ಊರವರ ದನಿ ಅಳೆಯುವ ನನಗೆ ನನ್ನ ಗಂಡನ ಎರಡು ಪದ ಅಳೆಯಲಾಗಲಿಲ್ಲ.

ನೋಟಿಸಿನ ಖುಷಿ ಎರಡು ದಿನ ಇತ್ತು. ಮೂರನೆಯ ದಿನ ಕಿವಿಮನೆಯಲ್ಲಿ ಪಕ್ಕದ ಕುರ್ಚಿಯ ಫಿಲೋಮಿನಾಗೆ ತೋರಿಸಿದೆ. ಅವಳು ನನ್ನ ವಾರಿಗೆಯವಳು, ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

“ಇದನ್ನ ನೋಡಿ ನಗ್ತಾ ಇದೀಯಲ್ಲ ವಾರಿಜಾ, ಒಂದು ವರ್ಷ ಗಾಡಿ ಇಲ್ಲ ಅಂತ ಬರೆದಿರೋದು ಕಾಣಿಸ್ಲಿಲ್ವಾ?”

“ಕಾಣಿಸ್ತು.”

“ದಸರಾ ಎದುರಿಗಿದೆ. ಊರೂರಿನ ಪೆಟ್ಟಿಗೆ ರಿಪೇರಿಗೆ ಬರೋ ಕಾಲ. ನಿಮ್ಮೆಜಮಾನ್ರು ಹಾರ್ಮೋನಿಯಂನ ತಲೆ ಮೇಲೆ ಹೊತ್ಕೊಂಡು ಹೋಗ್ತಾರಾ? ತಕರಾರು ಹಾಕು. ರೂಢಿಮಾತು ಅಂತ ಹೇಳ್ಬಿಡು. ಹತ್ತರಲ್ಲಿ ಒಂಬತ್ತು ಜನ ಅದರಲ್ಲೇ ಗೆಲ್ಲೋದು.”

ರೂಢಿಮಾತಿನ ತಕರಾರು ಅಂದರೆ ಹೀಗೆ. ವಿಚಾರಣೆಗೆ ಹೋಗಿ, ‘ನನ್ನ ಗಂಡ ವಾಪಸು ಬರುವ ಮನಸ್ಸಿನಿಂದ ಹೋಗಲಿಲ್ಲ, ರೂಢಿಗೆ ಹಾಗೆ ಅಂದರು’ ಅಂತ ಬಾಯಿಬಿಟ್ಟು ಹೇಳಬೇಕು. ಅಲ್ಲೂ ಒಂದು ಕಿವಿ ಇದೆ. ಹೇಳುವವರು ತಮ್ಮ ಮಾತನ್ನು ತಾವು ನಂಬಿದ್ದಾರೋ ಇಲ್ಲವೋ ಅಂತ ಅಳೆದು, ನಂಬಿದ್ದರೆ ಹಸಿರು ದೀಪ ಹಚ್ಚುತ್ತದೆ. ಹಸಿರಾದರೆ ನೋಟಿಸು ರದ್ದು. ಸಂಕಲ್ಪದ ಮುಂದೆ ‘ಇದೆ’ ಹೊಡೆದುಹಾಕಿ ‘ಇಲ್ಲ’ ಅಂತ ಬರೆಯುತ್ತಾರೆ.

“ಅಷ್ಟು ಹೇಳಿದ್ರೆ ಆಯ್ತು,” ಅಂದಳು ಫಿಲೋಮಿನಾ.

“ಅಷ್ಟು ಅಂತೀಯಲ್ಲ. ಗಂಡ ಬರೋದಿಲ್ಲ ಅಂತ ಹೆಂಡತಿ ಬಾಯಲ್ಲಿ ಹೇಳಿಸ್ತೀಯಾ? ಅದೂ ಹೇಳಿದ್ರೆ ಸಾಲದು, ನಂಬಿ ಹೇಳ್ಬೇಕು!”

ಅವಳು ತನ್ನ ಡಬ್ಬಿಯಿಂದ ಒಂದು ಕಲ್ಕಲ್ ತೆಗೆದು ನನ್ನ ಕೈಗಿಟ್ಟಳು. ಕ್ರಿಸ್‌ಮಸ್ಸಿಗೆ ಮಾಡುವ ಆ ಸಿಹಿಯನ್ನು ಅವಳು ವರ್ಷವಿಡೀ ಮಾಡುತ್ತಾಳೆ, ಯಾರಾದರೂ ಕುಗ್ಗಿ ಕೂತರೆ ಕೊಡಲು.

ನೀವು ಕೇಳಬಹುದು, ಇಷ್ಟೆಲ್ಲ ಯಾಕೆ, ಒಂದು ಫೋನು ಮಾಡಿದ್ದರೆ ಆಗುತ್ತಿರಲಿಲ್ಲವೇ ಅಂತ. ಆಗುತ್ತಿತ್ತು. ಅವರು ಮಾಡಲಿ ಅಂತ ನಾನು, ನಾನು ಮಾಡಲಿ ಅಂತ ಅವರು. ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನ ಕಳೆದಂತೆ ನನಗೆ ಇನ್ನೊಂದು ಭಯ ಹುಟ್ಟಿತು. ಹೊರಡುವಾಗ ಬರುವ ಮನಸ್ಸಿತ್ತು, ಸರಿ. ಈಗಲೂ ಇದೆಯೇ? ನಂಜನಗೂಡಿನಲ್ಲಿ ಅಕ್ಕನ ಕೈಯಡುಗೆ ಉಂಡುಕೊಂಡು, ಚುಚ್ಚುವವರಿಲ್ಲದ ಮನೆಯಲ್ಲಿ ನೆಮ್ಮದಿಯಾಗಿರುವ ಮನುಷ್ಯನ ಸಂಕಲ್ಪ ಎಷ್ಟು ದಿನ ಉಳಿದೀತು? ಅದನ್ನು ಹೇಳುವ ಕಿವಿ ಇನ್ನೂ ಹುಟ್ಟಿಲ್ಲ.

ಕೊನೆಗೆ ಫೋನು ಬಂದದ್ದು ಅತ್ತಿಗೆಯಿಂದ. ನಾನು ಹುರುಳಿಕಾಯಿ ಸೋಸುತ್ತ ಕೂತಿದ್ದೆ.

“ಏನಮ್ಮಾ ವಾರಿಜಾ, ಸೌಖ್ಯಾನಾ? ಊಟ ಗೀಟ ಸರಿಯಾಗಿ ಮಾಡ್ತಿದ್ದೀಯಾ?”

“ಮಾಡ್ತಿದೀನಿ ಅತ್ತಿಗೆ. ಅಲ್ಲಿ ಎಲ್ಲರೂ ಹೇಗಿದೀರಿ?” ‘ಎಲ್ಲರೂ’ ಅನ್ನುವಾಗ ನನ್ನ ದನಿ ಹೇಗಿತ್ತೋ, ಅವರು ನಕ್ಕುಬಿಟ್ಟರು.

“ಎಲ್ಲರೂ ಚೆನ್ನಾಗಿದೀವಿ. ಒಬ್ಬ ಮಾತ್ರ ಜಗಲಿ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಕೂತವನೆ. ತಿದಿ ಅಂಟಿಸೋದು, ಊದೋದು, ಮತ್ತೆ ಬಿಚ್ಚೋದು. ಅವನಿಗೂ ಆ ನೋಟಿಸು ಬಂತಲ್ಲ, ಓದಿ ಜೇಬಿಗಿಟ್ಕೊಂಡ. ನಿನ್ನೆ ನೋಡ್ತೀನಿ, ಗಾಡಿ ಒರೆಸ್ತಾ ಇದಾನೆ. ಕನ್ನಡಿ, ಬಾಗಿಲು, ಚಕ್ರ ಎಲ್ಲಾ. ಇನ್ನೊಂದು ವರ್ಷ ಓಡಿಸೋ ಹಾಗಿಲ್ವಲ್ಲಕ್ಕ, ಧೂಳು ಕೂರಬಾರದು ಅಂದ.”

ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟೆ. ತಡೆದುಕೊಂಡು, “ನಾನು ಕೇಳ್ದೆ ಅಂತ ಹೇಳ್ಬೇಡಿ ಅತ್ತಿಗೆ,” ಅಂದೆ.

“ಇಬ್ಬರೂ ಸೇರಿ ನನ್ನನ್ನ ಪೋಸ್ಟ್‌ಮ್ಯಾನ್ ಮಾಡ್ಬೇಡಿ ಅಷ್ಟೆ,” ಅಂದು ಫೋನಿಟ್ಟರು.

ಆವತ್ತೇ ತೀರ್ಮಾನ ಮಾಡಿದೆ. ನೋಟಿಸಿನ ಆ ಸಾಲು ಇಟ್ಟುಕೊಂಡು ನಾನು ಏನು ಮಾಡಬೇಕು? ಫ್ರೇಮು ಹಾಕಿಸಲೇ? ನನ್ನ ಸಮಾಧಾನಕ್ಕೆ ಅವರ ಗಾಡಿ ನಿಲ್ಲಿಸುವುದು ಯಾವ ನ್ಯಾಯ? ಸಂಕಲ್ಪ ಇಲ್ಲ ಅಂತಲೇ ಬರೆದುಕೊಳ್ಳಲಿ, ಗಾಡಿ ಓಡಲಿ. ಮಿಷಿನ್ನಿನ ಜೊತೆ ಮಾತಾಡುವುದೆಂದರೆ ಮುಖ ಸಿಂಡರಿಸುವ ಮನುಷ್ಯ ತಾವಾಗಿ ವಿಚಾರಣೆಗೆ ಬರುವುದುಂಟೇ? ನಾನೇ ಹೋಗಬೇಕು ಅಂದುಕೊಂಡೆ.

ಅಭ್ಯಾಸ ಶುರು ಮಾಡಿದೆ. ನಂಬಿ ಹೇಳಬೇಕಲ್ಲ. ಕನ್ನಡಿಯ ಮುಂದೆ ನಿಂತು “ನನ್ನ ಗಂಡ ವಾಪಸು ಬರುವ ಮನಸ್ಸಿನಿಂದ…” ಅನ್ನುವಷ್ಟರಲ್ಲಿ ಸೆರಗಿನಿಂದ ಕನ್ನಡಿ ಒರೆಸಲು ಶುರು ಮಾಡುತ್ತಿದ್ದೆ. ಬಟ್ಟೆ ಒಣಹಾಕುತ್ತ, ಅಕ್ಕಿ ಆರಿಸುತ್ತ ಪ್ರಯತ್ನಪಟ್ಟೆ. ಒಂದು ಸಲವೂ ವಾಕ್ಯದ ತುದಿ ಮುಟ್ಟಲಿಲ್ಲ. ನಂಬಿಕೆ ಬರಲಿ ಅಂತ ಇವರ ಅಪರಾಧಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಮರೆತ ಹುಟ್ಟುಹಬ್ಬಗಳು, ಆರಿ ತಣ್ಣಗಾದ ಊಟಗಳು, ಮದುವೆ ಮನೆಗೆ ಊಟ ಮುಗಿದ ಮೇಲೆ ಮುಟ್ಟಿದ್ದು. ಎಲ್ಲ ನೆನೆದು ಮುಗಿಸಿದಾಗ ನನಗೆ ಹೊಳೆದದ್ದು ಬೇರೆಯೇ. ಈ ಮನುಷ್ಯ ತಡವಾಗಿ ಬಂದಿದ್ದಾರೆ, ಬಹಳ ತಡವಾಗಿ ಬಂದಿದ್ದಾರೆ, ಬಾರದೆ ಇದ್ದದ್ದು ಒಂದು ಸಲವೂ ಇಲ್ಲ. ಹೀಗಿದ್ದರೆ ಹಸಿರು ದೀಪ ಹೊತ್ತಿದ ಹಾಗೆಯೇ!

ಗಡುವಿನ ಕೊನೆಯ ದಿನ ಬೆಳಿಗ್ಗೆ ಬಸ್ಸು ಹಿಡಿದು ಮಂಡಳಿಯ ವಿಚಾರಣಾ ಕೋಣೆಗೆ ಹೋದೆ. ಅಲ್ಲಿ ಅಧಿಕಾರಿಯಾಗಿ ಕೂತವಳು ಸೌಗಂಧಿ. ಅವಳು ಕೆಲಸಕ್ಕೆ ಸೇರಿದಾಗ ಕಿವಿಯ ಪಾಠ ಹೇಳಿಕೊಟ್ಟವಳು ನಾನೇ. ನನ್ನನ್ನು ನೋಡಿ ಎದ್ದು ನಿಂತವಳು, ತಾನು ಅಧಿಕಾರಿ ಅನ್ನುವುದು ನೆನಪಾಗಿ ಮತ್ತೆ ಕೂತಳು.

“ಮೇಡಂ, ನಿಮಗೆ ನಿಯಮ ಹೇಳೋದು ಅಂದ್ರೆ ನನಗೇ ನಾಚಿಕೆ. ಆದ್ರೂ ಹೇಳ್ಬೇಕು. ಒಂದೇ ಸಲ ಹೇಳಿಕೆ. ಹಿಂದೆ ತಗೊಂಡ್ರೆ ಅದೇ ತಕರಾರು ಮತ್ತೆ ಎತ್ತೋ ಹಾಗಿಲ್ಲ.”

“ಗೊತ್ತಮ್ಮ.”

ಗಾಜಿನ ಗೂಡಿನೊಳಗೆ ನಿಂತೆ. ಎದುರಿಗೆ ದೀಪ, ಅದರ ಕೆಳಗೆ ಕಿವಿ. ನಾನು ಎದೆಹಾಲು ಕುಡಿಸಿದಂತೆ ಕನ್ನಡ ಕುಡಿಸಿ ಬೆಳೆಸಿದ ಕಿವಿ ಅದು. ಅದರ ಮುಂದೆ ಸುಳ್ಳು ಹೇಳಲು ನಿಂತಿದ್ದೆ. ಕಣ್ಣು ಮುಚ್ಚಿದೆ. ಗಾಡಿ ಒರೆಸುತ್ತಿರುವ ನಮ್ಮೆಜಮಾನರನ್ನು ನೆನೆದೆ. ಒಂದೇ ಉಸಿರಿಗೆ, ಈ ಸಲ ತುದಿಯವರೆಗೂ, ಹೇಳಿಬಿಟ್ಟೆ.

“ನನ್ನ ಗಂಡ ವಾಪಸು ಬರುವ ಮನಸ್ಸಿನಿಂದ ಹೋಗಲಿಲ್ಲ.”

ದೀಪ ಹಳದಿಯಾಗಿ ಮಿಣುಕಿತು. ಹಸಿರೋ ಕೆಂಪೋ ಅಂತ ಇನ್ನೂ ಯೋಚಿಸುತ್ತಿತ್ತು. ಅಷ್ಟರಲ್ಲಿ ನನ್ನ ಬಾಯಿ, ನನ್ನನ್ನು ಕೇಳದೆ, ಅಮ್ಮ ತುಟಿಗೆ ಹೊಡೆದು ಕಲಿಸಿದ್ದನ್ನು ತಾನೇ ಅಂದುಬಿಟ್ಟಿತು.

“ಬಿಡ್ತು!”

ಕಿವಿ ಕ್ಷಣವೂ ತಡಮಾಡಲಿಲ್ಲ. “ಹಿಂದಿನ ವಾಕ್ಯ ಆಡಲಾಗಿಲ್ಲ ಎಂದು ತಿಳಿಯಲಾಗಿದೆ. ತಕರಾರು ಹಿಂತೆಗೆದುಕೊಳ್ಳಲಾಗಿದೆ,” ಅಂದಿತು. ನಾನೇ ಬರೆದ ನಿಯಮ, ನನ್ನ ತಲೆಗೇ ಬಂದು ಬಿತ್ತು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಅಂದರೆ ಇದೇ.

“ಇಲ್ಲ ಇಲ್ಲ, ಅದು ಬಾಯಿತಪ್ಪಿ ಬಂದಿದ್ದು!” ಅಂದೆ.

ಸೌಗಂಧಿ ಎರಡೂ ಕೈ ಬಾಯಿಗೆ ಹಿಡಿದಿದ್ದಳು. “ಮೇಡಂ, ನಾನೇನೂ ಮಾಡೋ ಹಾಗಿಲ್ಲ…”

ಗಾಡಿ ಹೋಯಿತು. ಇದ್ದ ಒಂದೇ ದಾರಿಯನ್ನು ಕೈಯಾರೆ ಮುಚ್ಚಿಕೊಂಡೆ. ಗೂಡಿನ ಗಾಜಿಗೆ ಹಣೆಯಿಟ್ಟು ನಿಂತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಸದ್ದು ಬಂತು. ನಗು ತಡೆಯಲು ಹೋಗಿ ಮೂಗಿನಲ್ಲಿ ಹೊರಟ ಸದ್ದು. ಆ ಸದ್ದು ಅಳೆಯಲು ನನಗೆ ಯಾವ ಮಿಷಿನ್ನೂ ಬೇಕಿರಲಿಲ್ಲ. ತಿರುಗಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮಡಿಲಲ್ಲಿ ನೋಟಿಸು ಇಟ್ಟುಕೊಂಡು ನಮ್ಮೆಜಮಾನರು ಕೂತಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ!

“ಮಾತು ಆಡಿದವನು ನಾನು,” ಅಂದರು ಸೌಗಂಧಿಗೆ. “ನನಗೂ ತಕರಾರು ಹೇಳೋ ಹಕ್ಕಿದೆಯಂತಲ್ಲ?”

“ಇದೆ ಸಾರ್, ಬನ್ನಿ ಬನ್ನಿ.”

ನಾನು ಹೊರಗೆ ಬಂದೆ, ಅವರು ಒಳಗೆ ಹೋದರು. ಬಾಗಿಲಲ್ಲಿ ಭುಜಕ್ಕೆ ಭುಜ ತಾಕಿತು. ಕಿವಿಯ ಮುಂದೆ ನಿಂತು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ರೂಢಿಗೆ ಅಂದೆ, ಬರುವ ಮನಸ್ಸಿರಲಿಲ್ಲ ಅಂತ ಇವರೇ ಹೇಳಿದರೆ? ಅದಕ್ಕೆ ಹಸಿರು ಹೊತ್ತಿದರೆ? ಗಾಡಿ ಉಳಿಯುತ್ತದೆ, ನಾನು?

“ನೋಡಮ್ಮಾ,” ಅಂದರು ಮಿಷಿನ್ನಿಗೆ, ನೆಂಟರ ಮನೆಯ ಹಿರಿಯಳಿಗೆ ಹೇಳುವವರಂತೆ. “ಬರ್ತೀನಿ ಅಂತ ನಾನು ಅಂದಿದ್ದು ರೂಢಿಗಲ್ಲ. ಬರೋದಕ್ಕೇ ಅಂದಿದ್ದು.”

ದೀಪ ಮಿಣುಕಲೂ ಇಲ್ಲ, ಹಸಿರಾಯಿತು. ನಾನು ಬೆಂಚಿನ ಮೇಲೆ ಕೂತೆ. ಅಬ್ಬಾ ಅಂತ ನಾನು ಬಿಟ್ಟ ಉಸಿರು ನಂಜನಗೂಡಿಗೂ ಕೇಳಿಸಿರಬೇಕು.

“ನನ್ನ ತಕರಾರೇನು ಅಂದ್ರೆ, ಬರ್ತೀನಿ ಅಂದೆ. ಇವತ್ತೇ ಬರ್ತೀನಿ ಅಂದ್ನಾ? ರಾತ್ರಿಯೊಳಗೆ ಬರ್ತೀನಿ ಅಂದ್ನಾ? ಸಿಟ್ಟು ಬಂದು ಹೋದವನು ಸಿಟ್ಟು ಇಳಿದ ಮೇಲೆ ತಾನೆ ಬರೋದು? ನಿಮ್ಮ ರಸ್ತೆ ನಡುರಾತ್ರಿಗೆ ಬಾಗಿಲು ಹಾಕ್ಕೊಂಡ್ರೆ ಅದು ನಿಮ್ಮ ರಸ್ತೆ ಕಥೆ. ನಮ್ಮನೆಯೋಳು ಹಾಕ್ಕೊಳೋದಿಲ್ಲ. ನಾನು ಮಾತು ತಪ್ಪಿಲ್ಲ. ಇನ್ನೂ ಬಂದಿಲ್ಲ, ಅಷ್ಟೆ.”

ಹಸಿರು ಹಸಿರಾಗಿಯೇ ಇತ್ತು. ಸೌಗಂಧಿ ನಿಯಮಾವಳಿ ತೆರೆದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮೇಡಂ, ಹೊತ್ತು ಹೇಳದೆ ಇದ್ರೆ ನಡುರಾತ್ರಿ ಅಂತ ತಿಳ್ಕೋಬೇಕು ಅನ್ನೋದು ಕಾಯ್ದೆಯಲ್ಲಿ ಎಲ್ಲೂ ಇಲ್ಲ, ಅಲ್ವಾ?”

“ಇಲ್ಲ,” ಅಂದೆ. “ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ನಾವೇ ಇಟ್ಕೊಂಡಿದ್ದು.”

“ಹಾಗಾದ್ರೆ ಇದು ಹುಸಿ ಅಲ್ಲ, ತಡ.” ಮುಖ ಗಂಭೀರ ಮಾಡಿಕೊಂಡು ಅವಳು ತೀರ್ಪು ಓದಿದಳು. “ತಡವಾದ ವಾಪಸಾತಿಗೆ ಎಚ್ಚರಿಕೆ ಮಾತ್ರ. ಇವತ್ತು ಸಂಜೆಯೊಳಗೆ ಗಾಡಿ ಹೊರಟ ಬಾಗಿಲಿಗೇ ಮುಟ್ಟಬೇಕು. ಮುಟ್ಟಿದರೆ ಮೂರನೇ ನೋಟಿಸು ರದ್ದು, ಗಾಡಿಗೆ ತಡೆ ಇಲ್ಲ. ಸಾರ್, ಮುಟ್ಟಿಸ್ತೀರಾ?”

“ಇಗೋ ಬಂದೆ,” ಅಂದರು ಇವರು. ನಾನೂ ಸೌಗಂಧಿಯೂ ಒಟ್ಟಿಗೇ ನಕ್ಕೆವು. ಯಾಕೆ ಅಂತ ಅವರಿಗೆ ತಿಳಿಯಲಿಲ್ಲ.

ಹೊರಗೆ ಹೊಂಗೆಮರದ ಕೆಳಗೆ ಗಾಡಿ ನಿಂತಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಬಟ್ಟೆಯ ಗಂಟು, ಸಾಮಾನಿನ ಚೀಲ, ಅತ್ತಿಗೆ ಕಟ್ಟಿಕೊಟ್ಟ ರಸಬಾಳೆ ಗೊನೆ. ವಿಚಾರಣೆಯಲ್ಲಿ ಸೋತಿದ್ದರೂ ಇವರು ಮನೆಗೇ ಬರುತ್ತಿದ್ದರು. ಆ ಗಂಟು ನೋಡಿದ ಮೇಲೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

“ಬಸ್ಸಲ್ಲಿ ಬಂದ್ಯಾ?” ಅಂತ ಕೇಳಿದರು.

“ಇನ್ನೇನು ಮಾಡ್ಲಿ? ಗಾಡಿ ನಿಮ್ಮ ಹತ್ರ ಇತ್ತಲ್ಲ.”

“ಬಿಡ್ತು ಅಂದ್ಯಲ್ಲ.”

“ಬಾಯಿ ಜಾರ್ತು.”

“ಜಾರ್ಲಿ ಬಿಡು.” ಬಾಗಿಲ ಹಿಡಿಯನ್ನೇ ತೋರುಬೆರಳಿನಿಂದ ಉಜ್ಜುತ್ತ ನಿಂತರು. “ಆ ಭಜನೆಯವರ ಪೆಟ್ಟಿಗೆ ಶನಿವಾರವೇ ಕೊಟ್ಟೆ. ಒಂದು ದಿನ ಮುಂಚೆ.”

“ರೀ, ಆವತ್ತು ಪಂಕ್ತಿಯಲ್ಲಿ ನಾನು…”

“ನೀನು ಅಂದಿದ್ದು ಸುಳ್ಳಾಗಿದ್ರೆ ನನಗೆ ಅಷ್ಟು ಸಿಟ್ಟು ಬರ್ತಿರ್ಲಿಲ್ಲ. ಹತ್ತು, ಬಿಸಿಲು.”

ಹತ್ತಿದೆ. ಅವರೂ ಹತ್ತಿ ಬಾ‌ಗಿಲು ಹಾಕಿಕೊಂಡರು. ಗಾಡಿ ಎಂದಿನಂತೆ ಕೇಳಿತು, “ಎಲ್ಲಿಗೆ? ಹೋಗಿ ಬರುವಿರಾ?”

ಸಾಮಾನ್ಯವಾಗಿ ಈ ಪ್ರಶ್ನೆಗೆ ಇವರು ಗೊಣಗುತ್ತಾರೆ. ಇವತ್ತು ಗೊಣಗಲಿಲ್ಲ. ನನ್ನ ಕಡೆ ನೋಡಿದರು, ಅವತ್ತು ಗೇಟಿನಲ್ಲಿ ನೋಡದೆ ಬಾಕಿ ಉಳಿಸಿದ್ದನ್ನೂ ಸೇರಿಸಿ ನೋಡಿದರು.

“ಸರಸ್ವತೀಪುರಂ. ಹೋಗೋದೆಲ್ಲ ಆಯ್ತು ಕಣಮ್ಮ,” ಅಂದರು ಗಾಡಿಗೆ. “ಈಗ ಬರೋದು ಮಾತ್ರ.”

ಹೋಗದೆ ಬರುವ ಪ್ರಯಾಣ ಅಂತ ಒಂದು ಉಂಟು ಅನ್ನುವುದನ್ನು ನಾವ್ಯಾರೂ ಆ ಕಿವಿಗೆ ಕಲಿಸಿರಲಿಲ್ಲ. ಅದು ಸುಮ್ಮನಾಯಿತು. ಎಲ್ಲಿ ಕೈಕೊಡುತ್ತದೋ ಅಂತ ನಾನು ಉಸಿರು ಬಿಗಿಹಿಡಿದೆ. ಆಮೇಲೆ, ಪದ ಬಿಟ್ಟು ದನಿ ಹಿಡಿಯಿತೋ ಏನೋ, ಗಾಡಿ ಮೆಲ್ಲಗೆ ಹೇಳಿತು:

“ದಾರಿ ಇದೆ.”